ಬಲಕ್ಕೆ ಎಳೆಯುವ ಜೀಪು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. "ಉತ್ತರ ತಪ್ಪಾಯಿತೆಂದು ಉತ್ತರವನ್ನು ತಿದ್ದಬೇಡಿ, ತಪ್ಪು ಮೇಲಿನ ಯಾವುದೋ ಒಂದು ಮೆಟ್ಟಿಲಲ್ಲಿರುತ್ತದೆ, ಹಿಂದಕ್ಕೆ ಹೋಗಿ ಹುಡುಕಿ" ಎಂದು ಕರಿಹಲಗೆಯ ಮುಂದೆ ನಿಂತು ಎಷ್ಟು ಸಾವಿರ ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆ ಮಾತಿನ ಅರ್ಥವನ್ನು ನಾನೇ ಕಲಿತದ್ದು ಮಾತ್ರ ನಿವೃತ್ತನಾದ ಮೇಲೆ, ಹಾಸನದ ಒಂದು ಗ್ಯಾರೇಜಿನಲ್ಲಿ. ಅದೂ, ನನ್ನ ಕೈಯಲ್ಲೇ ಗಣಿತದಲ್ಲಿ ನಪಾಸಾಗಿದ್ದ ಒಬ್ಬ ಹಳೆಯ ವಿದ್ಯಾರ್ಥಿಯಿಂದ. ವಾಚಕರು ನಗುವುದಾದರೆ ನಗಲಿ. ನಾನು ಆಗ ನಗುವ ಸ್ಥಿತಿಯಲ್ಲಿರಲಿಲ್ಲ.

ಸಕಲೇಶಪುರದಿಂದಾಚೆ ನಮಗೆ ನಾಲ್ಕು ಎಕರೆ ಕಾಫಿ ತೋಟವಿದೆ. ತೋಟವೆಂದು ನಾವು ಹೇಳಿಕೊಳ್ಳುತ್ತೇವೆ. ನಿಜವಾದ ತೋಟಗಾರರು ಅದನ್ನು ಹಿತ್ತಿಲೆನ್ನುತ್ತಾರೆ. ನಮ್ಮ ವಾಸ ಹಾಸನದಲ್ಲಿ. ಅಲ್ಲಿಂದ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರು ಒಳ್ಳೆಯ ಹೆದ್ದಾರಿ. ಆಮೇಲೆ ಡಾಂಬರು ಕಾಣದ ಮಣ್ಣಿನ ದಾರಿ. ಈ ಎರಡು ಲೋಕಗಳ ನಡುವೆ ನಮ್ಮನ್ನು ಹೊತ್ತು ತಿರುಗುವುದು ತಂದೆಯವರ ಕಾಲದ ಒಂದು ಜೀಪು. ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುವ ಜಾತಿಯದಲ್ಲ ಅದು. ಎಂಜಿನ್ನು ತಿರುಗಿಸುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಬೇಸಗೆಯಲ್ಲಿ ಅಷ್ಟೇ ಸಾಕು. ಮಳೆಗಾಲದಲ್ಲಿ ಮಾತ್ರ ತೋಟದ ಏರಿನಲ್ಲಿ ಒಂದು ಚಕ್ರ ಕೆಸರಿಗೆ ಸಿಕ್ಕಿ ಗಿರ್ರನೆ ಸುತ್ತುತ್ತಿದ್ದರೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರ ತನಗೂ ಈ ಗಡಿಬಿಡಿಗೂ ಸಂಬಂಧವೇ ಇಲ್ಲವೆಂಬಂತೆ ಸುಮ್ಮನೆ ನಿಂತಿರುತ್ತಿತ್ತು.

ಆ ಚಕ್ರದ ಔದಾಸೀನ್ಯಕ್ಕೆ ಕಾರಣವನ್ನು ಹೇಳದೆ ಕಥೆ ಮುಂದುವರಿಯದು. ಹಿಂದೆ ಕಣದಲ್ಲಿ ಮೇಟಿಯ ಸುತ್ತ ಎತ್ತುಗಳನ್ನು ಸಾಲಾಗಿ ಕಟ್ಟಿ ತುಳಿಸುತ್ತಿದ್ದುದನ್ನು ಹಿರಿಯರು ನೋಡಿರಬಹುದು. ಮೇಟಿಯ ಪಕ್ಕದ ಎತ್ತು ನಿಂತಲ್ಲೇ ತಿರುಗಿದರೆ ಸಾಕು; ಹೊರಗಿನ ಎತ್ತು ಹೆಚ್ಚುಕಡಮೆ ಓಡಬೇಕು. ತಿರುವಿನಲ್ಲಿ ವಾಹನದ ಎರಡು ಚಕ್ರಗಳ ಪಾಡೂ ಇದೇ. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಒಂದು ಚಕ್ರ ನೆಲವನ್ನು ಉಜ್ಜಿಕೊಂಡೇ ಹೋಗಬೇಕಾಗುತ್ತದೆ. ಈ ತೊಡಕನ್ನು ಬಿಡಿಸುವ ಹಲ್ಲುಗಾಲಿಗಳ ಯುಕ್ತಿಯನ್ನು ಉಗಿಬಂಡಿಗೆಂದು 1820ರ ದಶಕದ ಕೊನೆಯಲ್ಲಿ ರೂಪಿಸಿದವನು ಒನೆಸಿಫೋರ್ ಪೆಕರ್ ಎಂಬ ಫ್ರಾನ್ಸಿನ ಗಡಿಯಾರದ ಕುಶಲಕರ್ಮಿ. ಇಂದು ಜೀಪಿನ ಹಿಂದೆ ಬಗ್ಗಿ ನೋಡಿದರೆ ಅಚ್ಚಿನ ನಡುವೆ ಕುಂಬಳಕಾಯಿಯಂತೆ ಉಬ್ಬಿಕೊಂಡಿರುವ ಭಾಗ ಕಾಣುತ್ತದಲ್ಲ, ಆ ಡಿಫರೆನ್ಷಿಯಲ್ ಎಂಬುದು ಅದರೊಳಗಿದೆ. ಬಲವನ್ನು ಎರಡು ಚಕ್ರಗಳಿಗೂ ಸಮನಾಗಿ ಹಂಚಿ, ವೇಗವನ್ನು ಮಾತ್ರ ಅವುಗಳ ಇಚ್ಛೆಗೆ ಬಿಡುವುದು ಅದರ ಧರ್ಮ. ಆದರೆ ಈ ಸಮಾನತೆಯಲ್ಲೇ ಒಂದು ದೋಷ ಅಡಗಿದೆ. ಕೆಸರಿನಲ್ಲಿ ಜಾರುವ ಚಕ್ರ ತೆಗೆದುಕೊಳ್ಳಬಲ್ಲದ್ದು ಅತ್ಯಲ್ಪ ಬಲ. ಸಮನಾಗಿ ಹಂಚಬೇಕಾದ್ದರಿಂದ ಗಟ್ಟಿ ನೆಲದ ಚಕ್ರಕ್ಕೂ ಅಷ್ಟೇ ಅಲ್ಪ ದೊರೆಯುತ್ತದೆ.

ಇದಕ್ಕೆ ಪರಿಹಾರವೇ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಹೆಸರು ಉದ್ದ, ತತ್ತ್ವ ಸರಳ. ಹಲ್ಲುಗಾಲಿಗಳ ಪಕ್ಕದಲ್ಲಿ ಸ್ಪ್ರಿಂಗಿನಿಂದ ಒತ್ತಿಹಿಡಿದ ಕ್ಲಚ್ ಪ್ಲೇಟುಗಳಿರುತ್ತವೆ. ಒಂದು ಚಕ್ರ ಇನ್ನೊಂದಕ್ಕಿಂತ ಜೋರಾಗಿ ಸುತ್ತಲು ಹೊರಟರೆ ಅವು ತಿಕ್ಕಿ ಹಿಡಿದು, ಜೋರಾಗಿ ಸುತ್ತುವುದರಿಂದ ಬಲವನ್ನು ಕಿತ್ತು ನಿಧಾನವಾಗಿರುವುದಕ್ಕೆ ಕೊಡುತ್ತವೆ. 1930ರ ದಶಕದಲ್ಲಿ ಜರ್ಮನಿಯ ಆಟೋ ಯೂನಿಯನ್ ಪಂದ್ಯದ ಕಾರುಗಳಲ್ಲಿ ಈ ಬಗೆಯ ಯುಕ್ತಿ ಬಳಕೆಯಾಯಿತು. 1956ರಲ್ಲಿ ಅಮೆರಿಕದ ಪ್ಯಾಕರ್ಡ್ ಕಾರುಗಳ ಮೂಲಕ ಸಂಸಾರಸ್ಥರ ಕೈಗೂ ಬಂತು. ನನ್ನ ಕೈಗೆ ಬಂದದ್ದು 2024ರ ಜುಲೈಯಲ್ಲಿ.

ಆ ವರ್ಷ ಮಲೆನಾಡಿನಲ್ಲಿ ಮಳೆ ವಿಪರೀತ. ಒಂದೇ ವಾರದಲ್ಲಿ ಎರಡು ಸಲ ಹಗ್ಗ ಕಟ್ಟಿ ಜೀಪನ್ನು ಎಳೆಸಿದ ಮೇಲೆ ನಾನು ನಮ್ಮ ಮೇಸ್ತ್ರಿಯ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಎಂದೆನಷ್ಟೆ, ವಯಸ್ಸಿನಲ್ಲಿ ನನಗೆ ಮಗನಂತಿರುವವನು. ಹತ್ತನೆಯ ತರಗತಿಯಲ್ಲಿ ಎರಡು ಸಲ ಗಣಿತಕ್ಕೆ ಕೂತು, ಎರಡು ಸಲವೂ ಬಿದ್ದು, ತಂದೆಯ ಗ್ಯಾರೇಜು ಸೇರಿದವನು. ಅವನು ಕೆಸರು ಮೆತ್ತಿದ್ದ ನನ್ನ ಜೀಪನ್ನು ಸುತ್ತಿ ನೋಡಿ, "ಇಂಥದ್ದೊಂದು ಹಾಕಿಸಬಹುದು ಮೇಷ್ಟ್ರೇ. ಎರಡು ಎಸ್ಟೇಟ್ ಜೀಪಿಗೆ ಹಾಕಿದ್ದೇನೆ. ಆದರೆ ಹಿಂದಿನ ಟೈರು ಎರಡೂ ಜೋಡಿಯಾಗಿರಬೇಕು. ಜೋಡಿಯೇ ತಾನೆ?" ಎಂದು ಕೇಳಿದ.

"ಜೋಡಿಯೇ ಕಣಯ್ಯ. ಎರಡೂ ಒಂದೇ ಅಳತೆ" ಎಂದೆ.

ನಾಲ್ಕು ದಿನದಲ್ಲಿ ಕೆಲಸ ಮುಗಿಯಿತು. ಆ ಪ್ಲೇಟುಗಳಿಗೆಂದೇ ಇರುವ ಎಣ್ಣೆ ಹಾಕಿ, ಖಾಲಿ ಮೈದಾನದಲ್ಲಿ ಎಂಟರ ಆಕಾರದಲ್ಲಿ ಹತ್ತಾರು ಸುತ್ತು ಓಡಿಸಿ, ಪ್ಲೇಟುಗಳನ್ನು ಪಳಗಿಸಿ ಕೊಟ್ಟ. ಮರುದಿನವೇ ತೋಟಕ್ಕೆ ಹೋದೆವು. ಪ್ರತಿ ವರ್ಷ ನನ್ನ ಮಾನ ಕಳೆಯುತ್ತಿದ್ದ ಆ ಏರನ್ನು ಜೀಪು ಒಮ್ಮೆ ಗುರುಗುಟ್ಟಿ, ಹಿಡಿದು, ಹತ್ತಿಬಿಟ್ಟಿತು. ನನ್ನಾಕೆ ಚಪ್ಪಾಳೆ ತಟ್ಟಿದಳು. ತೋಟದ ಕೆಲಸದವರಿಗೆ ನಾನು ಅರ್ಧ ಗಂಟೆ ಡಿಫರೆನ್ಷಿಯಲ್ಲಿನ ಪಾಠ ಮಾಡಿದೆ.

ಆನಂದ ಸಂಜೆಯವರೆಗೆ ಇತ್ತು. ಹಿಂದಿರುಗುವಾಗ, ಹೆದ್ದಾರಿಯ ಒಂದು ಏರಿನಲ್ಲಿ ಸಣ್ಣ ಮಳೆ. ಆಕ್ಸಿಲರೇಟರನ್ನು ಕೊಂಚ ಒತ್ತಿದೆ. ಜೀಪು ಬಲಕ್ಕೆ ಹೊರಟಿತು. ಯಾರೋ ಕುಂಟೆತ್ತಿನ ಮೂಗುದಾರ ಹಿಡಿದು ಎಳೆದ ಹಾಗೆ. ನಮ್ಮ ದೇಶದಲ್ಲಿ ಬಲಕ್ಕೆ ಹೋಗುವುದೆಂದರೆ ಎದುರು ಬರುವವರ ದಾರಿಗೆ ಹೋಗುವುದು. ಏರಿನ ಆಚೆಯಿಂದ ಒಂದು ಬಸ್ಸು ತಲೆಯೆತ್ತಿತು. ಗಾಬರಿಯಲ್ಲಿ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿ ಕಾಲು ತೆಗೆದೆ. ಬಸ್ಸು ಹಾರನ್ನು ಬಾರಿಸುತ್ತ ಪಕ್ಕದಲ್ಲೇ ಹಾದುಹೋಯಿತು. ನನ್ನಾಕೆ ಏನೂ ಹೇಳಲಿಲ್ಲ. ಅವಳ ಕೈ ನನ್ನ ತೋಳನ್ನು ಹಿಡಿದದ್ದು ಹಾಸನ ತಲುಪುವವರೆಗೆ ಬಿಡಲಿಲ್ಲ.

ಮರುದಿನ ಬೆಳಗ್ಗೆ ನಾನು ಗ್ಯಾರೇಜಿನಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಚಹಾದ ಹೊತ್ತು, ಬೇರೆ ಗಿರಾಕಿಗಳಿದ್ದರು, ಕೆಲಸದ ಹುಡುಗರಿದ್ದರು. "ಎರಡು ಸಲ ನಪಾಸಾದವನ ಕೈಗೆ ಜೀವ ಕೊಟ್ಟದ್ದು ನನ್ನ ತಪ್ಪು" ಎಂದೆ. ಅವನ ಮುಖ ಒಂದು ಕ್ಷಣ ಕೆಂಪಾಯಿತು. ಆಮೇಲೆ ಕೈ ಒರಸಿಕೊಂಡು, "ಕೀ ಕೊಡಿ ಮೇಷ್ಟ್ರೇ, ನೋಡೋಣ" ಎಂದಷ್ಟೇ ಹೇಳಿದ.

ಊರ ಹೊರಗಿನ ನಿರ್ಜನವಾದ ನೇರ ರಸ್ತೆಗೆ ನನ್ನನ್ನೂ ಕೂರಿಸಿಕೊಂಡು ಹೋದ. ಆಕ್ಸಿಲರೇಟರ್ ಒತ್ತಿದ: ಜೀಪು ಬಲಕ್ಕೆ. ಕ್ಲಚ್ ಒತ್ತಿ ಎಂಜಿನ್ನಿನ ಹಂಗು ತಪ್ಪಿಸಿದ: ಎಳೆತ ಬಹುಮಟ್ಟಿಗೆ ಇಳಿಯಿತು. ಜೀಪನ್ನು ತಿರುಗಿಸಿಕೊಂಡು ಅದೇ ರಸ್ತೆಯಲ್ಲಿ ವಾಪಸು ಓಡಿಸಿದ: ಮತ್ತೆ ಬಲಕ್ಕೇ. "ನೀರು ಹರಿಯಲೆಂದು ನಮ್ಮ ರಸ್ತೆಗಳು ಎಡದ ಅಂಚಿಗೆ ಇಳಿಜಾರು. ಗಾಡಿ ರಸ್ತೆಯಿಂದಾಗಿ ಎಳೆಯುವುದಾದರೆ ಎಡಕ್ಕೆ ಎಳೆಯಬೇಕು. ಇದು ರಸ್ತೆಯ ತಪ್ಪಲ್ಲ" ಎಂದ. ಇಳಿದು, ಎರಡು ಹಿಂಚಕ್ರಗಳ ಬ್ರೇಕ್ ಡ್ರಮ್ಮುಗಳಿಗೂ ಅಂಗೈ ತಾಗಿಸಿ ನೋಡಿದ. ಬ್ರೇಕು ಒಂದು ಕಡೆ ಹಿಡಿದಿದ್ದರೆ ಆ ಕಡೆಯ ಡ್ರಮ್ಮು ಸುಡಬೇಕಿತ್ತು. ಎರಡೂ ಸಮನಾಗಿ ಉಗುರು ಬೆಚ್ಚಗಿದ್ದುವು.

ಗ್ಯಾರೇಜಿಗೆ ಮರಳಿದ ಮೇಲೆ ಅವನು ಬೇರೊಂದು ಸ್ಪ್ಯಾನರು ತರಲು ಒಳಗೆ ಹೋದ. ನನಗೆ ತಾಳ್ಮೆ ಇರಲಿಲ್ಲ. ಬ್ರೇಕಿನ ಮೇಲಿನ ಸಂಶಯ ಇನ್ನೂ ಹೋಗಿರಲಿಲ್ಲ. ಹುಡುಗನೊಬ್ಬನಿಗೆ ಹೇಳಿ ಬಲದ ಹಿಂಚಕ್ರವೊಂದನ್ನೇ ಜಾಕಿನ ಮೇಲೆ ಎತ್ತಿಸಿದೆ. ಎಂಜಿನ್ನು ಹಚ್ಚಿ, ಗೇರು ಹಾಕಿ, ಚಕ್ರ ಸರಾಗವಾಗಿ ತಿರುಗುತ್ತದೋ ಇಲ್ಲವೋ ನೋಡುವುದು ನನ್ನ ಯೋಜನೆ. ಹಳೆಯ ಡಿಫರೆನ್ಷಿಯಲ್ ಇದ್ದಾಗ ಹಾಗೆ ಮಾಡಿ ತೋರಿಸಿದ್ದನ್ನು ನೋಡಿದ್ದೆ. ಎತ್ತಿದ ಚಕ್ರ ಗಾಳಿಯಲ್ಲಿ ಸುತ್ತುತ್ತಿತ್ತು, ನೆಲದ ಚಕ್ರ ಅಲುಗುತ್ತಿರಲಿಲ್ಲ. ಹುಡುಗ ಚಕ್ರದ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಒಳಗೆ ಇಣುಕುತ್ತಿದ್ದ. ನಾನು ಎಂಜಿನ್ನು ಹಚ್ಚಿದೆ.

ಒಳಗಿನಿಂದ ಒಂದು ಕೂಗು ಕೇಳಿತು. ಮೇಸ್ತ್ರಿ ಓಡಿಬಂದು, ನನ್ನ ಮಡಿಲ ಮೇಲಿಂದಲೇ ಕೈ ಚಾಚಿ, ಕೀಲಿಯನ್ನು ತಿರುಗಿಸಿ ಕಿತ್ತುಕೊಂಡ. ಅವನ ಕೈ ನಡುಗುತ್ತಿತ್ತು.

"ಮೇಷ್ಟ್ರೇ, ಇದರಲ್ಲಿ ಹಾಗೆ ಮಾಡಬಾರದು! ಈಗ ಎರಡು ಚಕ್ರವೂ ಒಂದಕ್ಕೊಂದು ಕಟ್ಟಿಹಾಕಿದ ಹಾಗೆ. ಮೇಲಿನದು ಸುತ್ತಿದರೆ ನೆಲದ ಮೇಲಿರುವುದೂ ಸುತ್ತುತ್ತದೆ. ಗಾಡಿ ಜಾಕಿನಿಂದ ಹಾರಿ ಮುಂದಕ್ಕೆ ಬೀಳುತ್ತದೆ. ಹುಡುಗ ಎಲ್ಲಿ ಕೂತಿದ್ದಾನೆ ನೋಡಿದಿರಾ?"

ನೋಡಿದೆ. ಹದಿನೆಂಟರ ಹುಡುಗ. ಏನೂ ಅರ್ಥವಾಗದೆ ನನ್ನನ್ನೇ ನೋಡಿ ನಗುತ್ತಿದ್ದ. ಹಿಂದಿನ ದಿನ ಬಸ್ಸಿನ ಮುಂದೆ ಬಾರದಿದ್ದ ನಡುಕ ಆಗ ನನ್ನ ಕಾಲುಗಳಿಗೆ ಬಂತು. ಅಲ್ಲಿಂದ ಮುಂದೆ ನಾನು ಬಾಯಿ ತೆರೆಯಲಿಲ್ಲ. ಅವನು ಹೇಳಿದ ಕಡೆ ಒಂದು ಸ್ಟೂಲಿನ ಮೇಲೆ ಕುಳಿತೆ, ಅವನು ಒಂದು ಕಾಲದಲ್ಲಿ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತಿದ್ದಂತೆ.

ಅವನು ಮುಂದೆ ಮಾಡಿದ ಕೆಲಸವನ್ನು ಕಂಡಾಗ ನನಗೆ ಯೂಕ್ಲಿಡನ ಪ್ರಮೇಯ ನೆನಪಾಯಿತು; ಅಷ್ಟು ಕ್ರಮವಾಗಿತ್ತು. ಮೊದಲು ಎರಡು ಚಕ್ರಗಳನ್ನೂ ಎತ್ತಿ ಗಟ್ಟಿಯಾದ ಆಧಾರದ ಮೇಲೆ ಕೂರಿಸಿದ. ಗೇರು ಬಿಡಿಸಿ ಒಂದು ಚಕ್ರವನ್ನು ಕೈಯಿಂದ ತಿರುಗಿಸಿದರೆ ಇನ್ನೊಂದೂ ಅದೇ ದಿಕ್ಕಿಗೆ ತಿರುಗಿತು. ಅಂದರೆ ಒಳಗಿನ ಪ್ಲೇಟುಗಳ ಹಿಡಿತ ಸರಿಯಾಗಿದೆ. ಕೆಲಸಕ್ಕಾಗಿ ಬಿಚ್ಚಿದ್ದ ಅಚ್ಚು ಮರಳಿ ಕೂರಿಸುವಾಗ ಓರೆಯಾಗಿದ್ದರೆ ಗಾಡಿ ನಾಯಿಯ ಹಾಗೆ ಸೊಟ್ಟ ನಡೆಯುತ್ತದೆಯಂತೆ. ಅದಕ್ಕಾಗಿ ಕಮಾನುಪಟ್ಟಿಯ ಮುಂದಿನ ಕಣ್ಣಿನಿಂದ ಅಚ್ಚಿನವರೆಗೆ ಎರಡೂ ಕಡೆ ಅಳೆದ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಚ್ಚನ್ನು ಪಟ್ಟಿಗೆ ಬಿಗಿಯುವ ಬೋಲ್ಟುಗಳು ಗಟ್ಟಿಯಾಗಿವೆ. ಟೈರುಗಳ ಗಾಳಿ ಸಮನಾಗಿದೆ. ಒಂದೊಂದು ಪರೀಕ್ಷೆ ಮುಗಿದಾಗಲೂ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುತ್ತಿದ್ದ.

ಕೊನೆಗೆ ಅವನು ಗೋಣಿಚೀಲದಿಂದ ಒಂದು ಹುರಿ ಬಿಚ್ಚಿಕೊಂಡು, ಟೈರುಗಳ ಕೆಸರನ್ನು ತೊಳೆಸಿದ. ಎಡದ ಟೈರಿನ ಮೈಸುತ್ತ ನಡು ಭಾಗದಲ್ಲಿ ಹುರಿಯನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿ, ಬಿಡಿಸಿ, ಟೇಪಿನ ಮೇಲೆ ಹಿಡಿದ. 228 ಸೆಂಟಿಮೀಟರು. ಬಲದ್ದಕ್ಕೂ ಹಾಗೆಯೇ ಮಾಡಿದ. 223.

"ಎರಡೂ ಒಂದೇ ಅಳತೆ ಕಣಯ್ಯ, ಪಕ್ಕದಲ್ಲಿ ಅಚ್ಚಾಗಿದೆಯಲ್ಲ" ಎಂದು ನನ್ನ ಬಾಯಿಂದ ಹೊರಬೀಳುವುದರಲ್ಲಿತ್ತು. ಅಷ್ಟರಲ್ಲಿ ನನಗೇ ಹೊಳೆಯಿತು. ಎರಡು ತಿಂಗಳ ಹಿಂದೆ, ತೋಟದ ದಾರಿಯಲ್ಲಿ ಕೊರಡಿಗೆ ತಾಗಿ ಎಡದ ಹಿಂಟೈರು ಸೀಳಿತ್ತು. ಅಂಗಡಿಯವರು ಜೋಡಿ ಹಾಕಿಸಿ ಎಂದಿದ್ದರು. ಬಲದ್ದು ಇನ್ನೂ ಆರು ತಿಂಗಳು ಬಂದೀತೆಂದು, ದುಡ್ಡು ಉಳಿಸಲು, ನಾನು ಒಂದನ್ನು ಮಾತ್ರ ತಂದಿದ್ದೆ. ಹೊಸ ಟೈರಿನ ಹಲ್ಲುಗಳ ಆಳ 12 ಮಿಲಿಮೀಟರು. ಸವೆದದ್ದರಲ್ಲಿ ಉಳಿದದ್ದು 4. ತ್ರಿಜ್ಯದಲ್ಲಿ 8 ಮಿಲಿಮೀಟರು ಕಡಮೆಯಾದರೆ ಪರಿಧಿಯಲ್ಲಿ ಸುಮಾರು 50 ಮಿಲಿಮೀಟರು ಕಡಮೆಯಾಗಬೇಕು. ಎಂಟನೆಯ ತರಗತಿಯ ಲೆಕ್ಕ. ನಾನೇ ಕಲಿಸಿದ್ದು.

ಉಳಿದದ್ದನ್ನು ಸ್ಟೂಲಿನ ಮೇಲೆಯೇ ಮನಸ್ಸಿನಲ್ಲಿ ಬಿಡಿಸಿದೆ. ಒಂದು ಕಿಲೋಮೀಟರು ಹೋಗಬೇಕಾದರೆ ಸಣ್ಣ ಚಕ್ರ ದೊಡ್ಡದಕ್ಕಿಂತ ಸುಮಾರು ಹತ್ತು ಸುತ್ತು ಹೆಚ್ಚಾಗಿ ತಿರುಗಬೇಕು. ಹಾಸನದಿಂದ ಸಕಲೇಶಪುರಕ್ಕೆ ಸುಮಾರು ನಾನೂರು ಸುತ್ತು. ಹಳೆಯ ಡಿಫರೆನ್ಷಿಯಲ್ ಈ ನಾನೂರು ಸುತ್ತುಗಳ ಅಂತರವನ್ನು ಎರಡು ತಿಂಗಳ ಕಾಲ ಒಂದು ಮಾತೂ ಆಡದೆ ನುಂಗಿಕೊಂಡಿತ್ತು. ಹೊಸದಕ್ಕೆ ಆ ಔದಾರ್ಯವಿಲ್ಲ. ಜೋರಾಗಿ ಸುತ್ತುವ ಚಕ್ರವನ್ನು ಕೆಸರಿನಲ್ಲಿ ಜಾರುತ್ತಿರುವ ಚಕ್ರವೆಂದೇ ಅದು ತಿಳಿಯುತ್ತದೆ. ಬಲದ ಸಣ್ಣ ಚಕ್ರದಿಂದ ಬಲವನ್ನು ಕಿತ್ತು ಎಡದ ದೊಡ್ಡ ಚಕ್ರಕ್ಕೆ ಕೊಡುತ್ತದೆ. ಎಡಗಡೆ ಹೆಚ್ಚು ನೂಕಿದರೆ ಗಾಡಿ ಬಲಕ್ಕೆ ತಿರುಗದೆ ಇನ್ನೇನು ಮಾಡೀತು? ಆಕ್ಸಿಲರೇಟರ್ ಒತ್ತಿದಷ್ಟೂ ಪ್ಲೇಟುಗಳ ಹಿಡಿತ ಬಿಗಿಯಾಗುತ್ತದೆ, ಎಳೆತವೂ ಹೆಚ್ಚುತ್ತದೆ. ಹೀಗೆಯೇ ಓಡಿಸಿದ್ದರೆ ಹೊಸ ಪ್ಲೇಟುಗಳೂ ನೇರ ರಸ್ತೆಯಲ್ಲೇ ಸದಾ ಉಜ್ಜಿ ಉಜ್ಜಿ ಕಾದು ಸವೆದುಹೋಗುತ್ತಿದ್ದುವು.

ಅವನು ಮಾತ್ರ ಅಷ್ಟಕ್ಕೇ ನಿಲ್ಲಲಿಲ್ಲ. "ತಾಳೆ ನೋಡಬೇಕಲ್ಲ ಮೇಷ್ಟ್ರೇ" ಎಂದು, ಎಡದ ಚಕ್ರವನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಬದಲಿಸಿ ಹಾಕಿದ. ಅದೇ ನಿರ್ಜನ ರಸ್ತೆಗೆ ಹೋದೆವು. ಆಕ್ಸಿಲರೇಟರ್ ಒತ್ತಿದ. ಜೀಪು ಎಡಕ್ಕೆ ಎಳೆಯಿತು. ದೋಷ ಟೈರಿನ ಜೊತೆಗೇ ಪಕ್ಕ ಬದಲಿಸಿತ್ತು. ಇದಕ್ಕಿಂತ ಶುದ್ಧವಾದ ಸಾಧನೆಯನ್ನು ನಾನು ಮೂವತ್ತೊಂದು ವರ್ಷಗಳಲ್ಲಿ ಕರಿಹಲಗೆಯ ಮೇಲೆ ಬರೆದದ್ದಿಲ್ಲ.

ಮನೆಗೆ ಬಂದು ನನ್ನಾಕೆಗೆ ಎಲ್ಲವನ್ನೂ ಹೇಳಿದೆ. ಅವಳು ಮನೆಯ ಲೆಕ್ಕದ ಪುಸ್ತಕ ತೆಗೆದು, ಮೇ ತಿಂಗಳ ಪುಟವನ್ನು ನನ್ನ ಮುಂದೆ ಹಿಡಿದಳು. ಅವಳ ದುಂಡು ಅಕ್ಷರದಲ್ಲಿ ಸ್ಪಷ್ಟವಾಗಿ ಬರೆದಿತ್ತು: "ಟೈರು — ಒಂದು." ಆಮೇಲೆ ಅವಳು ಹೇಳಿದ ಮಾತು ನನ್ನ ಎಲ್ಲ ಲೆಕ್ಕಕ್ಕಿಂತ ಚೊಕ್ಕವಾಗಿತ್ತು. "ಹೊಸ ಸೊಸೆ ಬಂದ ಮೇಲೆ ಮನೆಯಲ್ಲಿ ಜಗಳ ಶುರುವಾಯಿತು ಅನ್ನುತ್ತಾರಲ್ಲ, ಅದೂ ಹೀಗೇ. ಏರುಪೇರು ಮೊದಲಿನಿಂದಲೇ ಇರುತ್ತದೆ. ಯಾರೋ ಒಬ್ಬರು ಮಾತಾಡದೆ ನುಂಗಿಕೊಂಡಿರುತ್ತಾರೆ, ಅಷ್ಟೆ."

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಟೈರಿನ ವಿಷಯ ಬಿಡಿ, ಇನ್ನೊಂದು ಟೈರು ತಂದರೆ ಮುಗಿಯಿತು. ಹತ್ತು ಜನರ ಮುಂದೆ ಆಡಿದ ಮಾತನ್ನು ತರುವ ಅಂಗಡಿ ಎಲ್ಲಿದೆ? ಎರಡು ಸಲ ನಪಾಸಾದದ್ದು ಅವನ ಬದುಕಿನ ಹಳೆಯ ಗಾಯ. ಅದನ್ನು ಅಂದು ಮಾಡಿದವನೂ ನಾನೇ, ಮೊನ್ನೆ ಕೆದಕಿದವನೂ ನಾನೇ. ಅಂದ ಮೇಲೆ ಅದೇ ಹೊತ್ತಿಗೆ, ಅದೇ ಜನರ ಮುಂದೆ ಹೋಗುವುದೊಂದೇ ದಾರಿ.

ಮರುದಿನ ಚಹಾದ ಹೊತ್ತಿಗೆ ಗ್ಯಾರೇಜಿಗೆ ಹೋದೆ. ಹುಡುಗರು ಲೋಟ ಹಿಡಿದು ನಿಂತಿದ್ದರು. "ನಿನ್ನೆ ನಾನು ಆಡಿದ್ದು ತಪ್ಪು. ಗಾಡಿಯ ದೋಷ ಮೇಸ್ತ್ರಿಯದಲ್ಲ; ನನ್ನದು. ಅವನು ಸರಿಯಾಗಿ ಕೇಳಿದ್ದ, ನಾನು ನೋಡದೆ ಉತ್ತರ ಕೊಟ್ಟೆ" ಎಂದೆ. ಮೂವತ್ತೊಂದು ವರ್ಷ ಗಟ್ಟಿಯಾಗಿ ಮಾತಾಡಿದ ಗಂಟಲು ಅಷ್ಟು ಹೇಳುವಷ್ಟರಲ್ಲಿ ಒಣಗಿತು. ಜಾಕಿನ ಪಕ್ಕದಲ್ಲಿ ಕೂತಿದ್ದ ಆ ಹುಡುಗನೇ ನನಗೂ ಒಂದು ಲೋಟ ಚಹಾ ತಂದುಕೊಟ್ಟ.

ಜನ ಚದುರಿದ ಮೇಲೆ ಮೇಸ್ತ್ರಿಯನ್ನು ಕೇಳಿದೆ: "ಟೈರು ಜೋಡಿಯೇ ಎಂದು ನೀನು ಅಂದೇ ಕೇಳಿದ್ದೆಯಲ್ಲ. ನಾನು ಅಷ್ಟು ಬೈಯುವಾಗ ಯಾಕಯ್ಯ ಅದನ್ನು ನೆನಪಿಸಲಿಲ್ಲ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಹೇಳಿದಿರಿ ಅಂತ ನಾನೂ ಅಳೆಯದೆ ಬಿಟ್ಟೆನಲ್ಲ ಮೇಷ್ಟ್ರೇ. ಅದು ನನ್ನ ತಪ್ಪು. ಪಕ್ಕದವನ ಉತ್ತರ ನೋಡಿ ಬರೆಯಬಾರದು, ನೀನೇ ಲೆಕ್ಕ ಮಾಡಿ ಬರೆಯಬೇಕು ಅಂತ ಒಂಬತ್ತನೇ ಕ್ಲಾಸಿನಲ್ಲಿ ನೀವು ನನ್ನ ಕೈಗೆ ಎರಡು ಕೊಟ್ಟಿದ್ದಿರಿ" ಎಂದ. ಅಂಗೈಯನ್ನು ತೋರಿಸಿ ನಕ್ಕ. ಅದರ ತುಂಬ ಗ್ರೀಸು ಮೆತ್ತಿತ್ತು.

ಆ ಮಧ್ಯಾಹ್ನವೇ ಎಡದ್ದಕ್ಕೆ ಜೋಡಿಯಾಗುವ ಟೈರು ತಂದು ಹಾಕಿಸಿದೆ. ಇಂದಿಗೂ ಜೀಪು ಗೆರೆ ಎಳೆದಂತೆ ನೇರ ಓಡುತ್ತದೆ. ತೋಟದ ಏರನ್ನೂ ಹತ್ತುತ್ತದೆ. ಹಳೆಯ ಟೈರು ಸ್ಟೆಪ್ನಿಯಾಗಿ ಹಿಂದೆ ನೇತಾಡುತ್ತಿದೆ. ಪಂಕ್ಚರಾಗಿ ಅದನ್ನು ಹಿಂದಕ್ಕೆ ಹಾಕಬೇಕಾಗಿ ಬಂದರೆ ಹತ್ತಿರದ ಪಂಕ್ಚರಂಗಡಿಯವರೆಗೆ ಮಾತ್ರ, ಅದೂ ನಿಧಾನವಾಗಿ, ಎಂದು ಮೇಸ್ತ್ರಿಯ ಕಟ್ಟಪ್ಪಣೆಯಾಗಿದೆ. ಗೋಣಿಯ ಆ ಹುರಿ ಜೀಪಿನ ಮುಂದಿನ ಗೂಡಿನಲ್ಲಿ ಈಗಲೂ ಇದೆ.

ನನ್ನಾಕೆ ಅಂದಿನ ಖರ್ಚನ್ನು ಲೆಕ್ಕದ ಪುಸ್ತಕದಲ್ಲಿ ಹೀಗೆ ಬರೆದಿದ್ದಾಳೆ: "ಟೈರು — ಇನ್ನೊಂದು. ಮೇ ತಿಂಗಳಲ್ಲೇ ತರಬೇಕಾಗಿದ್ದದ್ದು."